ಮಾವನ ಗಿಟಾರಿಗೆ ಬೆಲೆ ಕಟ್ಟಿದ ಬಗೆ

ಗತಿಸಿದವರು ಬಳಸಿದ ವಸ್ತುಗಳಲ್ಲಿ ಅವರ ಆತ್ಮದ ಒಂದು ಅಂಶ ಉಳಿದಿರುತ್ತದೆ. ಅಂಥವುಗಳನ್ನು ಹಣದಿಂದ ಅಳೆಯುವುದು ಮನುಷ್ಯನಿಗೆ ಶೋಭಿಸುವುದಿಲ್ಲ. ಈ ಗಂಭೀರ ಮಾತನ್ನು ನಾನು ಕೇಳಿದ್ದು ನನ್ನ ಸೋದರಮಾವನ ಬೊಜ್ಜದ ಊಟದಲ್ಲಿ, ಅಂದರೆ ಉತ್ತರಕ್ರಿಯೆಯ ಪಂಕ್ತಿಯಲ್ಲಿ, ಎದುರಿನ ಸಾಲಿನ ಹಿರಿಯರೊಬ್ಬರ ಬಾಯಿಂದ. ಎಲ್ಲರೂ ತಲೆಯಾಡಿಸಿದರು. ಪಾಯಸ ಬರುವ ಹೊತ್ತಿಗೆ ಅದೇ ಹಿರಿಯರು ನನ್ನತ್ತ ಬಾಗಿ, ದೋಹಾದಲ್ಲಿ ಮಾವನ ಕಾರು ಎಷ್ಟಕ್ಕೆ ಹೋಯಿತು ಎಂದು ವಿಚಾರಿಸಿದರು.

ಕಾರು ಹೋಗಿತ್ತು. ಫ್ರಿಜ್ಜು, ಸೋಫಾ, ವಾಷಿಂಗ್ ಮೆಷಿನ್ನು ಎಲ್ಲವೂ ಹೋಗಿದ್ದವು. ಕತಾರಿನಲ್ಲಿ ಒಬ್ಬ ಮನುಷ್ಯನ ಇಡೀ ಸಂಸಾರ ಖಾಲಿಯಾಗಲು ಒಂದು ವಾಟ್ಸ್ಯಾಪ್ ಗುಂಪು ಸಾಕು. ಉಳಿದದ್ದು ಒಂದು ಕಪ್ಪು ಪೆಟ್ಟಿಗೆ, ಅದರೊಳಗೆ ಒಂದು ಗಿಟಾರು.

ಆ ಗಿಟಾರು ಮಾವನ ಕೈಗೆ ಬಂದದ್ದು ಕತಾರಿನ ದುಖಾನ್ ಎಂಬ ಊರಿನಲ್ಲಿ. ಅಲ್ಲಿನ ತೈಲದ ಕೆಲಸದಲ್ಲಿ ಅವರು ಡ್ರಾಫ್ಟ್ಸ್‌ಮನ್ ಆಗಿದ್ದ ಕಾಲ. ಅವರ ಮೇಲಧಿಕಾರಿ, ಒಬ್ಬ ಅಮೆರಿಕದವನು, ಊರಿಗೆ ಹೊರಟಾಗ ಮನೆಯ ಸಾಮಾನುಗಳನ್ನು ಆಫೀಸಿನವರಿಗೆ ಹಂಚಿದನಂತೆ. ಬುದ್ಧಿವಂತರು ಏರ್‌ಕಂಡಿಷನರನ್ನೂ ಕಾರ್ಪೆಟ್ಟನ್ನೂ ಹೊತ್ತುಕೊಂಡು ಹೋದರು. ಗಿಟಾರನ್ನು ಯಾರೂ ಮುಟ್ಟಲಿಲ್ಲ. ಅದನ್ನೇ ಯಾಕೆ ತಂದಿರಿ ಎಂದು ಯಾರಾದರೂ ಕೇಳಿದರೆ ಮಾವ, "ಕೊಟ್ಟ, ತಗೊಂಡೆ" ಎನ್ನುತ್ತಿದ್ದರು. ಮಾವನ ಮಾತುಗಳೆಲ್ಲ ಆ ಅಳತೆಯವು. ಜೊತೆಗಿದ್ದ ಗೋವಾದವನೊಬ್ಬ ಬೆರಳು ಇಡುವುದನ್ನು ಕಲಿಸಿಕೊಟ್ಟ. ಆಮೇಲೆ ಮಾವ ಅದನ್ನು ಸಾಯುವವರೆಗೆ ನುಡಿಸಿದರು. ಯಾರ ಮುಂದೆಯೂ ಅಲ್ಲ, ಯಾರಿಗಾಗಿಯೂ ಅಲ್ಲ.

ನನ್ನನ್ನು ಕತಾರಿಗೆ ಕರೆಸಿದವರು ಮಾವ. ಈ ಸಂಗತಿಯನ್ನು ನಾನು ಮರೆಯದಂತೆ ನೋಡಿಕೊಳ್ಳುವ ಹೊಣೆಯನ್ನು ಅವರು ಕೊನೆಯವರೆಗೂ ಬೇರೆ ಯಾರಿಗೂ ವಹಿಸಲಿಲ್ಲ. ಆರಂಭದಲ್ಲಿ ನಾನಿದ್ದದ್ದು ದೋಹಾದ ನಜ್ಮಾದಲ್ಲಿ, ಒಂದು ದರ್ಜಿ ಅಂಗಡಿಯ ಮೇಲೆ ಅವರು ಹಿಡಿದಿದ್ದ ಎರಡು ಕೋಣೆಯ ಮನೆಯಲ್ಲಿ. ಅತ್ತೆಯೂ ಮಗನೂ ರಜೆಗೆ ಊರಿಗೆ ಹೋದಾಗ ಅಡುಗೆ ನನ್ನದು, ವಿಮರ್ಶೆ ಅವರದು. ಸಾರಿಗೆ ಹುಳಿ ಹೆಚ್ಚಾಯಿತು, ಅನ್ನ ಮುದ್ದೆಯಾಯಿತು, ಲೈಟು ಆರಿಸಲಿಲ್ಲ, ಇಂಗ್ಲಿಷು ಸರಿಯಿಲ್ಲ, ಹೀಗೆ ಹೋದರೆ ಈ ದೇಶದಲ್ಲಿ ನೀನು ಎಷ್ಟು ದಿನ ಬಾಳುತ್ತಿ. ಶುಕ್ರವಾರ ಮಧ್ಯಾಹ್ನ ಮೀನಿನ ಊಟ ಮುಗಿಸಿ ಅವರು ಕುರ್ಚಿಯನ್ನು ಏಸಿಯ ಕಡೆ ತಿರುಗಿಸಿ, ನನಗೆ ಬೆನ್ನು ಹಾಕಿ ಕೂತು, ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ನಾನು ಪಾತ್ರೆ ತೊಳೆಯುತ್ತ ಕೇಳುತ್ತಿದ್ದೆ. ಅದು ತಗ್ಗು ದನಿಯ, ಬೆಚ್ಚಗಿನ, ಮರದ ಹೊಟ್ಟೆಯೊಳಗಿಂದ ಎದ್ದು ನೆಲದಲ್ಲಿ ಹರಡುವಂಥ ಶಬ್ದ. ವಾರದಲ್ಲಿ ಮಾವ ನನ್ನ ತಪ್ಪು ಹುಡುಕದೆ ಇದ್ದ ಹೊತ್ತು ಅದೊಂದೇ. ಅವರಿಗೆ ನನ್ನ ಮೇಲೆ ಪ್ರೀತಿ ಇತ್ತು ಎಂಬುದಕ್ಕೆ ನನ್ನ ಬಳಿ ಬೇರೆ ಪುರಾವೆ ಇಲ್ಲ. ಇದೂ ಗಟ್ಟಿ ಪುರಾವೆ ಏನಲ್ಲ.

ಆಸ್ಪತ್ರೆಯಲ್ಲಿ ಅವರು ನನ್ನನ್ನು ಹತ್ತಿರ ಕರೆದು ತುಳುವಿನಲ್ಲಿ ಹೇಳಿದರು: "ಆ ಗಿಟಾರು ನೀನು ಇಟ್ಟುಕೋ. ಬೀಳಿಸಬೇಡ."

ಉಯಿಲು ಇಷ್ಟೇ. ಸಾಕ್ಷಿಗೆ ಇದ್ದವರು ಒಬ್ಬ ಮಲಯಾಳಿ ನರ್ಸು. ಅವರಿಗೆ ತುಳು ಬಾರದು. ಆದರೂ ಸೌಜನ್ಯಕ್ಕೆ ತಲೆಯಾಡಿಸಿದರು.

ನಮ್ಮದು ಅಳಿಯಸಂತಾನದ ಕುಟುಂಬ. ಹಿಂದಿನ ಕಾಲದಲ್ಲಿ ನಮ್ಮಲ್ಲಿ ಆಸ್ತಿ ಹೋಗುತ್ತಿದ್ದದ್ದು ಮಗನಿಗಲ್ಲ, ಅಳಿಯನಿಗೆ, ಎಂದರೆ ಸೋದರಿಯ ಮಕ್ಕಳ ಕಡೆಗೆ. ಕಾನೂನು ಅದನ್ನು ಎಂದೋ ಮುಗಿಸಿದೆ. ಈಗ ಅಳಿಯನಿಗೆ ಉಳಿದಿರುವುದು ಓಡಾಟದ ಹಕ್ಕು ಮಾತ್ರ. ಆ ಹಕ್ಕನ್ನು ನಾನು ಪೂರ್ಣವಾಗಿ ಚಲಾಯಿಸಿದೆ. ಮರಣದ ಕಾಗದಕ್ಕೆ, ರಾಯಭಾರ ಕಚೇರಿಗೆ, ವಿಮಾನದ ಕಾರ್ಗೋ ವಿಭಾಗಕ್ಕೆ ಓಡಿದವನು ನಾನು. ಮಾವನ ಮಗ ಅಳುತ್ತಿದ್ದ. ಅದು ಅವನ ಹಕ್ಕು.

ಮಾವನ ಮಗ ನನಗಿಂತ ಬಹಳ ಚಿಕ್ಕವನು. ದೋಹಾದಲ್ಲೇ ಹುಟ್ಟಿ, ಇಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ ಓದಿ, ಪಕ್ಕದ ಹೊಸ ನಗರ ಲುಸೈಲಿನ ಗೋಪುರಗಳ ಒಳಗೆ ಬಾಗಿಲು, ಕಪಾಟು, ಗೋಡೆಯ ಹಲಗೆ ಕೂರಿಸುವ ಒಂದು ಮರಗೆಲಸದ ಕಂಪೆನಿಯಲ್ಲಿ ಮ್ಯಾನೇಜರಾಗಿದ್ದಾನೆ. ಕೆಟ್ಟವನಲ್ಲ. ಬೊಜ್ಜದ ದಿನ ಊಟದ ನಂತರ ನಾನು ಗಿಟಾರಿನ ಮಾತು ಎತ್ತಿದಾಗ ನನ್ನ ಹೆಗಲ ಮೇಲೆ ಕೈ ಹಾಕಿದ.

"ಭಾವ, ಅದು ನೀವೇ ತಗೊಳ್ಳಿ. ನಮ್ಮ ಫ್ಲಾಟ್ ಫುಲ್ ವೈಟ್ ಥೀಮ್. ಆ ಕಪ್ಪು ಪೆಟ್ಟಿಗೆ ಸೂಟ್ ಆಗುದಿಲ್ಲ."

ಮಾವ ಆಸ್ಪತ್ರೆಯಲ್ಲಿ ಹೇಳಿದ್ದನ್ನು ನಾನು ತಿಳಿಸಿದೆ. ಅಪ್ಪ ಆಗ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲವಲ್ಲ ಎಂದ, ಅಷ್ಟೇ. ಆದರೆ ವಾದಕ್ಕೆ ನಿಲ್ಲಲಿಲ್ಲ. ಗಿಟಾರು ದೋಹಾದಲ್ಲಿ ನನ್ನ ಮನೆಯ ಬೀರುವಿನ ಮೇಲೆ ಬಂದು ಕೂತಿತು.

ಅದರ ಬೆಲೆ ಎಷ್ಟು ಎಂದು ತಿಳಿಯುವ ಆಸೆ ನನಗೆ ಇರಲಿಲ್ಲ. ಇದನ್ನು ನಂಬುವವರು ಕಡಿಮೆ. ನನ್ನ ಹೆಂಡತಿ ಅವರಲ್ಲಿ ಒಬ್ಬಳಲ್ಲ. ನಡೆದದ್ದು ಇಷ್ಟು: ಏಸಿಯ ಒಣ ಗಾಳಿಗೆ ಗಿಟಾರಿನ ಮುಂದಿನ ಹಲಗೆಯಲ್ಲಿ, ತಂತಿಗಳು ಬಂದು ಸೇರುವ ಕಟ್ಟೆಯ ಪಕ್ಕ, ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಬೀಳಿಸಬೇಡ ಎಂದಿದ್ದರು; ಒಡೆಯುವ ಬಗ್ಗೆ ಏನೂ ಹೇಳಿರಲಿಲ್ಲ. ಆದರೂ ನನಗೆ ಹೆದರಿಕೆಯಾಯಿತು. ಇಂಟರ್‌ನೆಟ್ಟಿನಲ್ಲಿ ಹಳೆಯ ಗಿಟಾರುಗಳ ಬಗ್ಗೆ ಚರ್ಚಿಸುವ ಒಂದು ಕೂಟವಿದೆ. ಅಲ್ಲಿ ಸೀಳಿನ ಫೋಟೋ ಹಾಕಿ, ಇದಕ್ಕೆ ಫೆವಿಕಾಲ್ ಥರದ್ದು ಹಚ್ಚಬಹುದೇ ಎಂದು ವಿನಯದಿಂದ ಕೇಳಿದೆ.

ಮಸೀದಿಗೆ ಚಪ್ಪಲಿ ಹಾಕಿಕೊಂಡು ನುಗ್ಗಿದವನನ್ನು ನೋಡುವ ಹಾಗೆ ಅವರು ನನ್ನನ್ನು ನೋಡಿದರು. ಆ ಕೂಟದ ಸದಸ್ಯರೆಲ್ಲ ನಿವೃತ್ತರು. ಪ್ರಪಂಚದ ಬೇರೆ ಬೇರೆ ಮೂಲೆಗಳಲ್ಲಿ ಕೂತು ಒಬ್ಬರ ಗಿಟಾರಿನ ಹೊಟ್ಟೆಯೊಳಗನ್ನು ಇನ್ನೊಬ್ಬರು ಪರೀಕ್ಷಿಸುವುದೇ ಅವರ ವಾನಪ್ರಸ್ಥ. ಏನನ್ನೂ ಮುಟ್ಟಬೇಡ, ಮೊದಲು ಒಳಗಿನ ನಂಬರು ಹೇಳು ಎಂದರು.

ನಂಬರು ಓದುವುದು ನನ್ನ ವೃತ್ತಿ. ಕಟ್ಟಡಗಳ ನಕ್ಷೆಗಳು ಬಂದಾಗ ನಂಬರು ನೋಡಿ, ಇದು ಹೊಸದೋ ಹಳೆಯದೋ ಎಂದು ಹೇಳಿ, ಸರಿಯಾದ ಕಪಾಟಿಗೆ ಕಳಿಸುವ ಡಾಕ್ಯುಮೆಂಟ್ ಕಂಟ್ರೋಲರ್ ನಾನು. ಒಂದು ಶುಕ್ರವಾರ ಬೆಳಿಗ್ಗೆ ಹೆಂಡತಿಯ ಕೈಗನ್ನಡಿಯನ್ನೂ ಮೊಬೈಲಿನ ಟಾರ್ಚನ್ನೂ ಹಿಡಿದು, ಗಿಟಾರಿನ ದುಂಡು ಬಾಯಿಯೊಳಗೆ ಹಲ್ಲಿನ ಡಾಕ್ಟರರಂತೆ ಇಣುಕಿದೆ. ಕುತ್ತಿಗೆ ಬಂದು ಸೇರುವಲ್ಲಿ ಒಳಗೊಂದು ಮರದ ದಿಂಡು; ಅದರ ಮೇಲೆ ಸುಟ್ಟು ಒತ್ತಿದ ಹಾಗೆ ಒಂದು ಮಾದರಿಯ ಗುರುತು, ಕೆಳಗೆ ನಂಬರು. ಅದನ್ನು ಬರೆದುಕೊಂಡು ಕಳಿಸಿದೆ. ಇಂಥ ನಂಬರು ಆ ಕಾರ್ಖಾನೆಯಿಂದ ಹೊರಬಿದ್ದೇ ಇಲ್ಲ, ಇದು ನಕಲಿ ಎಂದು ಉತ್ತರ ಬಂತು. ಕನ್ನಡಿಯಲ್ಲಿ ಕಂಡದ್ದನ್ನು ಹಾಗೇ ಬರೆದಿದ್ದೆ. ತಿರುಗಿಸಿ ಬರೆದು ಕಳಿಸಿದೆ. ಆಗ ಇನ್ನಷ್ಟು ಫೋಟೋ ಬೇಕು ಎಂದು ಒಬ್ಬರ ಮೇಲೊಬ್ಬರು ಬರೆದರು.

ಮುಂದಿನ ಕೆಲವು ವಾರ ಅವರು ಕೇಳಿದ್ದನ್ನೆಲ್ಲ ಫೋಟೋ ತೆಗೆದು ಕಳಿಸುವುದೇ ನನ್ನ ಕೆಲಸವಾಯಿತು. ಬೆನ್ನಿನ ಹಲಗೆ ಬ್ರೆಜಿಲ್ಲಿನ ಬೀಟೆಮರ. ಈಗ ಅದನ್ನು ಕಡಿಯಲೂ ಮಾರಲೂ ಕಟ್ಟುನಿಟ್ಟು ಇದೆಯಂತೆ. ಮುಂದಿನ ಹಲಗೆಯ ಒಳಗೆ ಆನಿಕೆಯಾಗಿ ಅಂಟಿಸಿದ ಪಟ್ಟಿಗಳು ಕೈಯಿಂದ ಕೆತ್ತಿದವು. ತಲೆಯ ಮೇಲಿನ ಹೆಸರು ಅಮೆರಿಕದ ಒಂದು ನಾಮಾಂಕಿತ ಕಾರ್ಖಾನೆಯದು. ಅದನ್ನು ಇಲ್ಲಿ ಬರೆಯುವುದಿಲ್ಲ, ಅವರ ವಕೀಲರಿಗೆ ಬೇರೆ ಕೆಲಸ ಇರಲಿ. ಶ್ರುತಿಯ ಕೀಲಿಗಳು ತುಕ್ಕು ಹಿಡಿದಿದ್ದರೂ ಮೂಲದವೇ. ಮೇಲಿನ ವಾರ್ನಿಷು ತುಂಬ ತೆಳು, ತುಂಬ ಹಳೆಯದು. ಒಣಗಿದ ಕೆರೆಯ ತಳದ ಹಾಗೆ ಸಣ್ಣಗೆ ಬಿರುಕು ಬಿಟ್ಟಿತ್ತು. ಇದನ್ನೆಲ್ಲ ದೋಷವೆಂದು ನಾನು ಸಂಕೋಚದಿಂದ ಒಪ್ಪಿಸಿದೆ. ಅವರು ಅದನ್ನೇ ಹೊಗಳಿದರು.

ಎಲ್ಲಕ್ಕಿಂತ ಹೆಚ್ಚು ಹೊಗಳಿದ್ದು ಒಂದು ಕಲೆಯನ್ನು. ಗಿಟಾರಿನ ಮೇಲಂಚಿನಲ್ಲಿ, ನುಡಿಸುವವನ ಮುಂಗೈ ಒರಗುವ ಕಡೆ, ವಾರ್ನಿಷು ಪೂರ್ತಿ ಸವೆದು ಬರಿಯ ಮರ ಕಾಣುತ್ತಿತ್ತು. ಒಂದು ಅಂಗೈಯಷ್ಟು ಅಗಲ, ಬೆವರು ಕುಡಿದು ಬೂದು ಬಣ್ಣ. ಅದು ಮಾವನ ಕೈ. ಅಷ್ಟು ವರ್ಷ ಶುಕ್ರವಾರ ಶುಕ್ರವಾರ ಅಲ್ಲಿ ಒರಗಿದ್ದ ಕೈ. ಇದನ್ನು ಒರೆಸಲೂ ಬೇಡ, ಇದು ಆ ವಾದ್ಯ ನಿಜವಾಗಿ ಬಾಳಿದ್ದಕ್ಕೆ ಸಹಿ ಎಂದು ಕೆನಡಾದ ಒಬ್ಬ ಮುದುಕ ಬರೆದ. ಮಾವನನ್ನು ಅವರು ಬದುಕಿರುವಾಗ ಯಾರೂ ಇಷ್ಟು ಮೆಚ್ಚಿದ್ದು ನಾನು ಕಂಡಿಲ್ಲ.

ಬೆಲೆಯನ್ನು ನಾನು ಕೇಳಲಿಲ್ಲ; ಅವರಾಗಿಯೇ ಹೇಳಿದರು. ನಮ್ಮ ಕರಾವಳಿಯವರು ಯಾವ ದೇಶದ ಯಾವ ಹಣವನ್ನು ಕಂಡರೂ ಅದನ್ನು ಕೊನೆಗೆ ಜಾಗಕ್ಕೆ ಪರಿವರ್ತಿಸಿಯೇ ಅರ್ಥ ಮಾಡಿಕೊಳ್ಳುವುದು. ಹೆಂಡತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ಊರಲ್ಲಿ ರಸ್ತೆ ಬದಿಯಲ್ಲಿ ಹತ್ತು ಸೆಂಟ್ಸ್ ಜಾಗ ಬರ್ತದೆ," ಎಂದಳು. "ಮಾರುದಾ?"

"ಇಲ್ಲ."

"ಮತ್ತೆ ಬೆಲೆ ತಿಳ್ಕೊಂಡು ಎಂತ ಮಾಡುದು ಮಾರಾಯ್ರೇ? ಬೀರುವಿನ ಮೇಲೆ ಹತ್ತು ಸೆಂಟ್ಸ್ ಇಟ್ಟುಕೊಂಡು ಅದರ ಕೆಳಗೆ ಮಲಗುದಾ?"

ಯಾರಿಗೂ ಹೇಳಬೇಡ ಎಂದೆ. ಅವಳು ತನ್ನ ತಂಗಿಗೆ ಮಾತ್ರ ಹೇಳಿದಳು, ಯಾರಿಗೂ ಹೇಳಬೇಡ ಎಂಬ ಷರತ್ತಿನ ಮೇಲೆ. ಷರತ್ತು ಒಬ್ಬರಿಂದ ಒಬ್ಬರಿಗೆ ಕ್ರಮಬದ್ಧವಾಗಿ ಹಸ್ತಾಂತರಗೊಂಡು, ಮರುದಿನ ಸಂಜೆಗೆ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ತಲುಪಿತು.

ಮಾವನ ಮಗ ಖರ್ಜೂರದ ಡಬ್ಬಿ ಹಿಡಿದುಕೊಂಡು ಬಂದ. ಅವನು ನನ್ನ ಮನೆಗೆ ಬರದೆ ಬಹಳ ಕಾಲವಾಗಿತ್ತು. ಪೆಟ್ಟಿಗೆಯನ್ನು ಇಳಿಸಲು ಹೇಳಿ, ತೆರೆದು, ಗಿಟಾರಿನ ಮೇಲೆ ಕೈಯಾಡಿಸಿದ. ಕಣ್ಣು ಒದ್ದೆಯಾಯಿತು. ಅದು ನಟನೆ ಎಂದು ಹೇಳಿದರೆ ನನಗೆ ಅನುಕೂಲ. ಆದರೆ ನಟನೆ ಆಗಿರಲಿಲ್ಲ. ಬೆಲೆ ತಿಳಿದ ಮೇಲೆ ದುಃಖ ನಿಜವಾಗಿಯೇ ಹೆಚ್ಚಾಗುತ್ತದೆ. ಇದು ಅಪ್ಪನ ನೆನಪು ಎಂದ. ನಾನೂ ಅದಕ್ಕೇ ಇಟ್ಟುಕೊಂಡಿದ್ದೇನೆ ಎಂದೆ. ಲೀಗಲಿ ನೋಡಿದರೆ ಮಗನಿಗಲ್ಲವೇ ಎಂದ. ನಾನು ಅಳಿಯಸಂತಾನದ ಪರವಾಗಿ ಒಂದು ಭಾಷಣ ಮಾಡಿದೆ. ಆ ಪದ್ಧತಿಯನ್ನು ಹೊಲಸು ಪದ್ಧತಿ ಎಂದು ಹಿಂದೆ ಊರಿನ ಸಭೆಯೊಂದರಲ್ಲಿ ಬಹಿರಂಗವಾಗಿ ಖಂಡಿಸಿದವನು ನಾನು. ಅವನಿಗೆ ಆ ಪದ್ಧತಿಯ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ; ಕಾನೂನು ಅವನ ಕಡೆ ಇತ್ತು, ಆದ್ದರಿಂದ ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಊರಿನಿಂದ ಅತ್ತೆಯ ಫೋನು ಬಂತು. ಅವರು ಗಿಟಾರಿನ ವಿಷಯ ಎತ್ತಲೇ ಇಲ್ಲ. ನಿನ್ನ ಮಾವ ನಿನಗೆ ಎಷ್ಟು ಮಾಡಿದ್ದಾರೆ ಮಗಾ, ವೀಸಾ ಮಾಡಿ ಕರೆಸಿಕೊಂಡದ್ದು ಯಾರು ಹೇಳು, ಎಂದರು. ನನಗೆ ನೆನಪಿಸುವ ಹೊಣೆ ಮಾವನ ನಂತರವೂ ಖಾಲಿ ಬಿದ್ದಿರಲಿಲ್ಲ ಎಂದು ತಿಳಿಯಿತು.

ಕೊನೆಗೆ ಒಂದು ಒಪ್ಪಂದವಾಯಿತು. ಬಲ್ಲವರೊಬ್ಬರಿಂದ ಗಿಟಾರಿಗೆ ಸರಿಯಾದ ಬೆಲೆ ಕಟ್ಟಿಸುವುದು. ಅದರ ಅರ್ಧವನ್ನು ನಾನು ಮಾವನ ಮಗನಿಗೆ ಕೊಟ್ಟರೆ ಗಿಟಾರು ನನ್ನದು. ಕೊಡಲಾಗದಿದ್ದರೆ ಮಾರಿ ಹಂಚಿಕೊಳ್ಳುವುದು. ಅರ್ಧ ಎಂದರೆ ಊರಿನಲ್ಲಿ ನಾವು ಕಟ್ಟಬೇಕೆಂದಿದ್ದ ಮನೆಯ ಮೇಲಂತಸ್ತು. ಮೇಲಂತಸ್ತು ಬೇಡ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಹೆಂಡತಿಗೆ ಹೇಳಿರಲಿಲ್ಲ, ಒಂದು ಯುದ್ಧ ಮುಗಿಯಲಿ ಎಂದು ಕಾದಿದ್ದೆ.

ಇಲ್ಲಿಯ ಒಂದು ಶಾಲೆಯಲ್ಲಿ ಸಂಗೀತ ಕಲಿಸುವ ಐರ್ಲೆಂಡಿನ ಒಬ್ಬ ವೃದ್ಧರು, ಲಂಡನ್ನಿನ ವ್ಯಾಪಾರಿಗಳ ಪರವಾಗಿ ಹಳೆಯ ಗಿಟಾರುಗಳಿಗೆ ಬೆಲೆ ಕಟ್ಟಿಕೊಡುತ್ತಾರೆ ಎಂದು ಕೂಟದವರೇ ತಿಳಿಸಿದರು. ಅವರು ರಜೆಯಿಂದ ಮರಳಿ ಬಂದ ಮೇಲೆ ಒಂದು ಶನಿವಾರ ನೋಡುತ್ತೇನೆ ಎಂದರು. ಅಷ್ಟರಲ್ಲಿ ಅತ್ತೆ ವಿಸಿಟ್ ವೀಸಾದಲ್ಲಿ ಬರುವವರಿದ್ದರು. ಅಮ್ಮನಿಗೆ ಒಮ್ಮೆ ನೋಡಬೇಕಂತೆ ಭಾವ, ಶನಿವಾರದವರೆಗೆ ನಮ್ಮಲ್ಲಿರಲಿ ಎಂದು ಮಾವನ ಮಗ ಕೇಳಿದ. ಹೆಂಡತಿಯಾದವಳು ಗಂಡನ ಗಿಟಾರು ನೋಡಬೇಕು ಎಂದರೆ ಬೇಡ ಎನ್ನುವ ಹೃದಯ ಯಾರಿಗೆ ಇರುತ್ತದೆ? ಕೊಟ್ಟೆ. ಜೊತೆಗೆ, ವೃತ್ತಿಧರ್ಮಕ್ಕೆ ಅನುಸಾರವಾಗಿ, ಕೂಟದವರ ಎಚ್ಚರಿಕೆಗಳನ್ನೆಲ್ಲ ಒಂದೆಡೆ ಸೇರಿಸಿ ಕುಟುಂಬದ ಗುಂಪಿಗೆ ಹಾಕಿದೆ: ಒರೆಸಬಾರದು, ಪಾಲಿಶ್ ಮಾಡಬಾರದು, ಏನನ್ನೂ ಬದಲಿಸಬಾರದು. ಮಾವನ ಮಗ ಒಂದು ಹೆಬ್ಬೆರಳು ಒತ್ತಿದ. ದಾಖಲೆ ತಲುಪಿತು ಎಂದು ನಾನು ನೆಮ್ಮದಿಯಿಂದ ಇದ್ದೆ.

ಇಲ್ಲಿ ಲುಸೈಲಿನ ಕೆಲಸದ ಒಂದು ರೀತಿಯನ್ನು ಹೇಳಬೇಕು. ಮರಗೆಲಸದವರು ಬಾಗಿಲು ಕೂರಿಸುತ್ತಾರೆ. ಒಂದು ದಿನ ಕನ್ಸಲ್ಟೆಂಟು ಬಂದು ಕೈಯಲ್ಲಿ ಟಾರ್ಚು ಹಿಡಿದು ತಪಾಸಣೆ ಮಾಡುತ್ತಾನೆ. ಒಂದು ಗೀರು ಕಂಡರೂ ಕಾಗದಕ್ಕೆ ಸಹಿ ಬೀಳುವುದಿಲ್ಲ, ಹಣ ಬಿಡುಗಡೆ ಆಗುವುದಿಲ್ಲ. ಆದ್ದರಿಂದ ತಪಾಸಣೆಯ ಮುನ್ನ ಟಚ್‌ಅಪ್. ಗೀರಿಗೆ ಲಪ್ಪ, ಎಂದರೆ ಪುಟ್ಟಿ, ಸೀಳಿಗೆ ಅಂಟು, ಉಜ್ಜಿ, ಸ್ಪ್ರೇ ಹೊಡೆದು, ಒಲೆಯಂಥ ಬಿಸಿ ಕೋಣೆಯಲ್ಲಿ ಒಣಗಿಸಿ, ಕನ್ನಡಿಯಂತೆ ಮಾಡಿ ನಿಲ್ಲಿಸುವುದು. ಇಲ್ಲಿಯ ತೇವಕ್ಕೆ ಮರ ಬಾಗದಿರಲೆಂದು ಹಲಗೆಯ ಆರು ಮುಖಗಳಿಗೂ, ಕಾಣದ ಒಳಭಾಗಕ್ಕೂ, ಪೇಂಟಿನ ಪದರ ಹೊಡೆಯಬೇಕು. ಮಾವನ ಮಗ ತನ್ನ ವಿದ್ಯೆಯಲ್ಲಿ ಒಳ್ಳೆಯ ಹೆಸರು ಮಾಡಿದವನು. ಅವನ ಬಾಗಿಲುಗಳು ಮೊದಲ ತಪಾಸಣೆಯಲ್ಲೇ ಪಾಸಾಗುತ್ತವೆ ಎಂದು ನಮ್ಮ ಆಫೀಸಿನಲ್ಲೂ ಮಾತಿದೆ.

ಶನಿವಾರ ಬೆಳಿಗ್ಗೆ ಅವನು ಮನೆಗೆ ಕರೆಯಲಿಲ್ಲ. ಸನಯ್ಯಾದಲ್ಲಿರುವ, ಎಂದರೆ ಕೈಗಾರಿಕಾ ಪ್ರದೇಶದ, ತನ್ನ ವರ್ಕ್‌ಶಾಪಿಗೆ ಬರಲು ಹೇಳಿದ. ಒಂದು ಸರ್ಪ್ರೈಸ್ ಉಂಟು ಎಂದ. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಅದರ ಮೇಲೆ ಇಟ್ಟಿದ್ದ. ಅತ್ತೆಯೂ ಇದ್ದರು, ರೇಷ್ಮೆ ಸೀರೆಯಲ್ಲಿ.

ಮೊದಲು ನನಗೆ ಅದು ಬೇರೆ ಯಾವುದೋ ಗಿಟಾರು ಅನ್ನಿಸಿತು. ಹೊಸ ಫ್ಲಾಟಿನ ಮುಂಬಾಗಿಲಿನಂತೆ ಹೊಳೆಯುತ್ತಿತ್ತು. ಮೇಲಿನ ಟ್ಯೂಬ್‌ಲೈಟು ಅದರಲ್ಲಿ ಪೂರ್ತಿ ಕಾಣುತ್ತಿತ್ತು. ಬಿರುಕುಗಳಿಲ್ಲ, ಸೀಳಿಲ್ಲ, ಉಗುರಿನ ಗೀರುಗಳಿಲ್ಲ. ಮೇಲಂಚಿಗೆ ಬಾಗಿ ನೋಡಿದೆ. ಮುಂಗೈಯ ಕಲೆ ಇದ್ದ ಕಡೆ ನನ್ನ ಮುಖ ಕಂಡಿತು. ಕೀಲಿಗಳು ಬಂಗಾರದ ಬಣ್ಣದ ಹೊಸವು. ತಲೆಯ ಮೇಲೆ ಕಾರ್ಖಾನೆಯ ಹೆಸರಿದ್ದ ಜಾಗದಲ್ಲಿ ಮೆಷಿನ್ನಿನಿಂದ ಕೊರೆದ ಹಿತ್ತಾಳೆಯ ಫಲಕ. ಅದರಲ್ಲಿ ಮಾವನ ಹೆಸರು.

"ಹುಡುಗರಿಗೆ ಓವರ್‌ಟೈಮ್ ಕೊಟ್ಟು ಮಾಡಿಸಿದ್ದು, ಭಾವ," ಎಂದ. "ಹಾಗೇ ತೋರಿಸಿದ್ರೆ ಅವ ರೇಟ್ ಕಡಿಮೆ ಹೇಳುದಿಲ್ವಾ? ಒಳಗೆ ಕೂಡ ಸೀಲ್ ಮಾಡಿಸಿದ್ದೇನೆ. ಇನ್ನು ಏಸಿ ಇರ್ಲಿ, ಹೊರಗೆ ಇರ್ಲಿ, ಮಾಫಿ ಮುಷ್ಕಿಲ್, ಏನೂ ಪ್ರಾಬ್ಲಮ್ ಇಲ್ಲ."

ಒಳಗೆ ಇಣುಕಿದೆ. ಮರದ ದಿಂಡಿನ ಮೇಲೆ ಕಂದು ಬಣ್ಣದ ಪೇಂಟು ಒಪ್ಪವಾಗಿ ಬಳಿದಿತ್ತು. ನಂಬರು ಇರಲಿಲ್ಲ.

ಹಳೆಯ ಕೀಲಿಗಳು ಎಲ್ಲಿ ಎಂದು ಕೇಳಿದೆ.

"ತುಕ್ಕು ಹಿಡಿದದ್ದಲ್ವಾ. ಸ್ಕ್ರ್ಯಾಪಿನವ ತಗೊಂಡು ಹೋದ."

ಬಾಯಿಗೆ ಬಂದದ್ದನ್ನು ಹೇಳಿಬಿಡಬಹುದಿತ್ತು. ಆದರೆ ಅತ್ತೆ ಹಿತ್ತಾಳೆಯ ಫಲಕದ ಮೇಲೆ ಬೆರಳಿಟ್ಟು ಗಂಡನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಸವರುತ್ತಿದ್ದರು. "ಈಗ ನೋಡ್ಲಿಕ್ಕೆ ಎಷ್ಟು ಚಂದ ಉಂಟು," ಎಂದರು ನನ್ನತ್ತ ತಿರುಗಿ. "ಅವರು ಇರುವಾಗ ಇದನ್ನು ಒಮ್ಮೆಯೂ ಹೀಗೆ ಇಟ್ಟುಕೊಳ್ಳಲಿಲ್ಲ, ಮಗಾ."

ಮಾವನ ಮಗನೂ ನಾನೂ ಐರ್ಲೆಂಡಿನ ವೃದ್ಧರ ವಿಲ್ಲಾಕ್ಕೆ ಹೋದೆವು. ಅವರು ಚಹಾ ಕೊಟ್ಟರು, ಹವೆಯ ಬಗ್ಗೆ ಮಾತಾಡಿದರು, ಆಮೇಲೆ ಕನ್ನಡಕ ಬದಲಿಸಿ ಪೆಟ್ಟಿಗೆ ತೆರೆದರು. ನುಡಿಸಲಿಲ್ಲ. ಮೂಗನ್ನು ಗಿಟಾರಿನ ಬಾಯಿಯ ಹತ್ತಿರ ಒಯ್ದು ಒಮ್ಮೆ ಉಸಿರೆಳೆದುಕೊಂಡರು. ಹಳೆಯ ಮರಕ್ಕೊಂದು ವಾಸನೆ ಇರುತ್ತದೆಯಂತೆ. ಇದರಲ್ಲಿ ಇದ್ದದ್ದು ಪೇಂಟಿನ ಅಂಗಡಿಯ ವಾಸನೆ. ನಿಧಾನವಾಗಿ ಕೆಳಗಿಟ್ಟರು.

"ಈ ಕೆಲಸ ಯಾರು ಮಾಡಿದ್ದು?" ಎಂದು ಕೇಳಿದರು.

ನಮ್ಮ ತಂಡವೇ ಎಂದು ಮಾವನ ಮಗ ಹೆಮ್ಮೆಯಿಂದ ಹೇಳಿದ. ಕೆಲಸ ಬಹಳ ಅಚ್ಚುಕಟ್ಟಾಗಿದೆ ಎಂದರು ವೃದ್ಧರು. ಅವನು ನನ್ನ ಕಡೆ ನೋಡಿ ನಕ್ಕ. ಆ ನಗು ಮುಖದ ಮೇಲೆ ಇರುವಾಗಲೇ ವೃದ್ಧರು ಉಳಿದದ್ದನ್ನು ಹೇಳಿದರು. ಅವರು ಹೇಳಿದ ಧಾಟಿ ವೈದ್ಯರದು, ಸಿಟ್ಟಿರಲಿಲ್ಲ. ಮುಂದಿನ ಹಲಗೆಯನ್ನು ಮೆಷಿನ್ನಿನಲ್ಲಿ ಉಜ್ಜಿ ತೆಳುವಾಗಿಸಿದ್ದಾರೆ, ಬಿಸಿ ಕೋಣೆಯಲ್ಲಿ ಇಟ್ಟದ್ದರಿಂದ ಒಳಗಿನ ಪಟ್ಟಿಗಳ ಅಂಟು ಬಿಟ್ಟಿದೆ, ಒಳಗೆ ಹೊರಗೆ ಎರಡೂ ಕಡೆ ಪೇಂಟಿನ ಪದರ ಇರುವುದರಿಂದ ಮರ ಇನ್ನು ಕಂಪಿಸುವುದಿಲ್ಲ. ಹೆಸರಿಲ್ಲ, ನಂಬರಿಲ್ಲ. ನಾನು ಮೊದಲಿನ ಫೋಟೋಗಳನ್ನು ತೋರಿಸಿದೆ. ಅವರು ಒಂದೊಂದನ್ನೂ ಹಿಗ್ಗಿಸಿ ನೋಡಿದರು. ಮುಂಗೈಯ ಕಲೆಯ ಫೋಟೋದಲ್ಲಿ ಬಹಳ ಹೊತ್ತು ನಿಂತರು. ನನ್ನ ಫೋನನ್ನು ಎರಡು ಕೈಯಲ್ಲೂ ಹಿಡಿದು ಮರಳಿ ಕೊಟ್ಟರು. ವಾದ್ಯವಾಗಿ ಇದಕ್ಕೆ ಬೆಲೆ ಹೇಳಲಾಗುವುದಿಲ್ಲ, ಬೆನ್ನಿನ ಬೀಟೆಹಲಗೆಯನ್ನು ಬಿಚ್ಚಿ ಬೇರೆ ಗಿಟಾರಿನ ರಿಪೇರಿಗೆ ಕೊಳ್ಳುವವರು ಸಿಗಬಹುದು, ಒಂದು ಸಾಧಾರಣ ಫ್ರಿಜ್ಜಿನ ಬೆಲೆಗೆ, ಎಂದರು.

ಮುಟ್ಟಬಾರದು ಎಂದು ನಿಮಗೆ ಯಾರೂ ಹೇಳಲಿಲ್ಲವೇ ಎಂದು ಅವರು ಮಾವನ ಮಗನನ್ನು ಕೇಳಿದರು. ಅವನು ಫೋನು ತೆಗೆದು ಕುಟುಂಬದ ಗುಂಪಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋದ. ಒಂದು ತಾವರೆ ಹೂವಿನ ಶುಭೋದಯಕ್ಕೂ ಯಾರದೋ ನಾಮಕರಣದ ಆಮಂತ್ರಣಕ್ಕೂ ನಡುವೆ ಅದು ಸಿಕ್ಕಿತು, ಅವನದೇ ಹೆಬ್ಬೆರಳಿನ ಸಮೇತ. ಓದಿದ. ಮೊದಲ ಸಲ ಓದುತ್ತಿದ್ದಾನೆ ಎಂಬುದು ತುಟಿ ಆಡುವುದರಲ್ಲೇ ತಿಳಿಯುತ್ತಿತ್ತು.

ಮರಳುವಾಗ ಕಾರು ಓಡಿಸಿದವನು ಅವನೇ. ಗಿಟಾರು ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿತ್ತು. ಆಮೇಲೆ ಅವನು ಹೇಳಿದ:

"ನೀವು ಒಂದು ಕಾಲ್ ಮಾಡಿ ಹೇಳಬಹುದಿತ್ತು, ಭಾವ."

"ಬರೆದಿದ್ದೆ."

"ಬರೆದದ್ದನ್ನು ಯಾರು ಓದ್ತಾರೆ, ಭಾವ?"

ಬರೆದದ್ದನ್ನು ಜೋಡಿಸಿಟ್ಟು ಸಂಬಳ ತೆಗೆದುಕೊಳ್ಳುವವನಿಗೆ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ನಾನು ಕಿಟಕಿಯ ಹೊರಗೆ ನೋಡಿದೆ. ಅವನಿಗೆ ದುಃಖವಾಗಿತ್ತು, ನಿಜ. ಆದರೆ ಯಾವುದಕ್ಕೆ ಎಂದು ನಾನು ಕೇಳಲಿಲ್ಲ, ಉತ್ತರ ಸಿಕ್ಕಿದರೆ ಏನು ಮಾಡುವುದೆಂದು ತಿಳಿಯದೆ. ನಮ್ಮ ಕಟ್ಟಡದ ಕೆಳಗೆ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ, ಅವನು ಇಳಿದು ಹಿಂದಿನ ಬಾಗಿಲು ತೆರೆದ. ಪೆಟ್ಟಿಗೆಯನ್ನು ಎತ್ತಿ ನನ್ನ ಕೈಗೆ ಕೊಟ್ಟ.

"ಖಲಾಸ್, ಭಾವ. ಇದು ನಿಮ್ಮದೇ. ಅಪ್ಪ ಆಸ್ಪತ್ರೆಯಲ್ಲಿ ನಿಮಗೇ ಅಂತ ಹೇಳಿದ್ದಲ್ವಾ."

ಮಾವ ಕೊನೆಯಲ್ಲಿ ಮಾತಾಡುವ ಸ್ಥಿತಿಯಲ್ಲಿದ್ದರು ಎಂಬುದು ಹೀಗೆ ಕುಟುಂಬದಲ್ಲಿ ಸಾಬೀತಾಯಿತು. ಅರ್ಧ ಹಣದ ಮಾತನ್ನು ಅವನು ಎತ್ತಲಿಲ್ಲ. ಅರ್ಧ ಫ್ರಿಜ್ಜನ್ನು ಯಾರೂ ಕೇಳುವುದಿಲ್ಲ. ಸಂಜೆ ಅತ್ತೆ ಗುಂಪಿನಲ್ಲಿ ಗಿಟಾರಿನ ಫೋಟೋ ಹಾಕಿ, ತಂದೆಯ ನೆನಪಿಗೆ ಮಗ ಇಷ್ಟು ಮಾಡಿದ, ಆದರೂ ಅಳಿಯನ ಆಸೆಗೆ ಬಿಟ್ಟುಕೊಟ್ಟ ಎಂದು ಬರೆದರು. ಸಂಬಂಧಿಕರೆಲ್ಲ ಕೈಮುಗಿದರು. ಬೊಜ್ಜದ ಪಂಕ್ತಿಯಲ್ಲಿ ಎದುರು ಕೂತಿದ್ದ ಹಿರಿಯರು ಎರಡು ಸಲ ಕೈಮುಗಿದರು.

ಮುಂದಿನ ಶುಕ್ರವಾರ ಊಟದ ನಂತರ ನಾನು ಕುರ್ಚಿ ಎಳೆದು ಕೂತು, ಹೊಸ ತಂತಿ ಕಟ್ಟಿ, ಬಂಗಾರದ ಕೀಲಿಗಳನ್ನು ತಿರುಗಿಸಿ, ನನಗೆ ಬರುವ ಒಂದೆರಡು ಹಿಡಿತಗಳನ್ನು ಹಿಡಿದು ಮೀಟಿದೆ. ಅಡುಗೆಮನೆಯಿಂದ ಹೆಂಡತಿ ಯಾರು ಬಾಗಿಲು ತಟ್ಟಿದ್ದು ಎಂದು ಕೇಳಿದಳು. ತಮಾಷೆಗೆ ಹೇಳಿದ್ದಲ್ಲ, ಕೈ ಒರೆಸಿಕೊಂಡು ಹೊರಗೆ ಬಂದೇ ಬಂದಳು. ಬಂದು ನೋಡಿ ಒಳಗೆ ಹೋದಳು.

ಗಿಟಾರು ನನ್ನ ಮನೆಯಲ್ಲಿದೆ. ಅದನ್ನು ಯಾರೂ ನುಡಿಸುವುದಿಲ್ಲ.